ಬಿಟ್ಟ ಹವ್ಯಾಸಕ್ಕೆ ಮರಳಿ: ರೇಡಿಯೊ ನಿಯಂತ್ರಿತ ಸ್ಕೇಲ್ ವಿಮಾನ ಕಟ್ಟಿ ಹಾರಿಸುವವರಿಗೆ ಸಮಗ್ರ ಮಾರ್ಗದರ್ಶಿ

ಸ್ಕೇಲ್ ವಿಮಾನ ಎಂದರೆ ನಿಜವಾದ ವಿಮಾನವನ್ನು ಅಳತೆಗೆ ತಕ್ಕಂತೆ ಕುಗ್ಗಿಸಿ ಕಟ್ಟಿದ ಮಾದರಿ. ಹದಿನೈದು–ಇಪ್ಪತ್ತು ವರ್ಷ ಬಿಟ್ಟು ಈ ಹವ್ಯಾಸಕ್ಕೆ ಮರಳುವವರು ಮಾಡುವ ಮೊದಲ ಕೆಲಸ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸುವುದು. ಎರಡನೆಯದು, ಅಂದಿನಿಂದಲೂ ಕಣ್ಣಿಟ್ಟಿದ್ದ ಯುದ್ಧವಿಮಾನದ ಕಿಟ್ ಕೊಂಡುಬಿಡುವುದು. ಮೊದಲನೆಯದು ಸರಿ. ಎರಡನೆಯದನ್ನು ಕೆಲವು ತಿಂಗಳು ತಡೆದುಕೊಳ್ಳಿ.

ಮರಳಿ ಬರುವವರ ಕಷ್ಟವೇ ಬೇರೆ, ಹೊಸಬರ ಕಷ್ಟವೇ ಬೇರೆ. ಬ್ಲೇಡು ಹಿಡಿದು ಬಾಲ್ಸಾ ಎಂಬ ಹಗುರ ಮರ ಕತ್ತರಿಸುವ ಕೈ ಎರಡು ವಾರದಲ್ಲಿ ಹಳೆಯ ಹದಕ್ಕೆ ಬರುತ್ತದೆ. ಎಲೆಕ್ಟ್ರಾನಿಕ್ಸ್ ಪೂರ್ತಿ ಬದಲಾಗಿದೆ, ಆದರೆ ಅದನ್ನು ಓದಿ ಕಲಿಯಬಹುದು. ಹಾರಿಸುವ ಬೆರಳು ಹಾಗಲ್ಲ. ಅದು ಎಷ್ಟು ಮರೆತಿದೆ ಎಂದು ಗೊತ್ತಾಗುವುದು ವಿಮಾನ ನೆಲ ಬಿಟ್ಟ ಮೇಲೆ. ಆದ್ದರಿಂದ ಈ ಮಾರ್ಗದರ್ಶಿಯ ಕ್ರಮ ಹೀಗಿದೆ: ಒಂದು ಕಡೆ ಸ್ಕೇಲ್ ವಿಮಾನ ನಿಧಾನವಾಗಿ ಮೇಜಿನ ಮೇಲೆ ಬೆಳೆಯುತ್ತಿರಲಿ, ಇನ್ನೊಂದು ಕಡೆ ಹೊಡೆಸಿಕೊಂಡರೂ ಹೊಟ್ಟೆ ಉರಿಯದ ಫೋಮ್ ವಿಮಾನದಲ್ಲಿ ಬೆರಳು ಪಳಗಲಿ. ಎರಡೂ ಒಂದೇ ಹೊತ್ತಿಗೆ ಮುಗಿದರೆ ಅದೇ ಸರಿಯಾದ ವೇಗ.

ಹಳೆಯ ಪೆಟ್ಟಿಗೆಯಲ್ಲಿ ಉಳಿಸಬೇಕಾದದ್ದು

ಬಾಲ್ಸಾ, ಪ್ಲೈವುಡ್, ಸ್ಪ್ರೂಸ್ ಪಟ್ಟಿಗಳು ಒಣಗಿದ ಜಾಗದಲ್ಲಿ ಇದ್ದಿದ್ದರೆ ಇಂದಿಗೂ ಚಿನ್ನ. ಪಿನ್ನು, ಕ್ಲ್ಯಾಂಪು, ರೇಜರ್ ಪ್ಲೇನ್, ಸ್ಯಾಂಡಿಂಗ್ ಬ್ಲಾಕ್ ಎಲ್ಲ ಇರಲಿ. ಕ್ಷಣದಲ್ಲಿ ಹಿಡಿಯುವ ಸೈನೋ ಅಂಟಿನ ಬಾಟಲಿ ಕಲ್ಲಾಗಿರುತ್ತದೆ, ಬಿಸಾಡಿ. ಇಂಧನದ ಕೊಳವೆ ಗಡುಸಾಗಿರುತ್ತದೆ, ಅದನ್ನೂ ಬಿಸಾಡಿ.

ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ನೋಡುವ ಕುತೂಹಲ ಬೇಡ. ನೇರವಾಗಿ ಮರುಬಳಕೆ ಕೇಂದ್ರಕ್ಕೆ ಕಳಿಸಿ; ಕ್ಯಾಡ್ಮಿಯಂ ವಿಷ. ಬ್ಯಾಟರಿಗೆ ಜೋಡಿಸಿದ್ದ ಸ್ವಿಚ್ಚು, ವೈರುಗಳನ್ನೂ ಒಮ್ಮೆ ಸುಲಿದು ನೋಡಿ. ಹಳೆಯ ಪ್ಯಾಕುಗಳ ಋಣ ತಂತಿ ಒಳಗೊಳಗೇ ಕಪ್ಪಾಗಿ, ಪುಡಿಯಾಗುವ ಹಂತಕ್ಕೆ ಬಂದಿರುತ್ತದೆ. ಹೊರಗಿನ ಪ್ಲಾಸ್ಟಿಕ್ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ರೆಕ್ಕೆ, ಬಾಲದ ಆಡುವ ಭಾಗಗಳನ್ನು ತಿರುಗಿಸುವ ಪುಟ್ಟ ಮೋಟಾರುಗಳಾದ ಸರ್ವೊಗಳ ಬಗ್ಗೆ ಎರಡು ಎಚ್ಚರಿಕೆ. ಹಳೆಯವು 4.8ರಿಂದ 6 ವೋಲ್ಟ್‌ಗೆ ಮಾಡಿದವು. ಪೂರ್ತಿ ತುಂಬಿದ ಎರಡು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ 8.4 ವೋಲ್ಟ್ ಕೊಡುತ್ತದೆ. ನೇರ ಜೋಡಿಸಿದರೆ ಸುಟ್ಟು ಹೋಗುತ್ತವೆ. ಎರಡನೆಯದು, ಪ್ಲಗ್ಗಿನ ತಂತಿಗಳ ಕ್ರಮ. ಹಳೆಯ ಏರ್‌ಟ್ರಾನಿಕ್ಸ್ ಸರ್ವೊಗಳಲ್ಲಿ ಧನ, ಋಣ ತಂತಿಗಳ ಜಾಗ ಇಂದಿನ ರಿಸೀವರ್‌ಗೆ ಹೊಂದುವುದಿಲ್ಲ. ನನ್ನ ಸಲಹೆ ಕೇಳಿದರೆ, ಹಳೆಯ ಸರ್ವೊಗಳನ್ನು ನೆಲದ ಮೇಲಿನ ಪ್ರಯೋಗಗಳಿಗೆ ಇಟ್ಟುಕೊಳ್ಳಿ. ಆರು ತಿಂಗಳು ಕೂತು ಕಟ್ಟಿದ ವಿಮಾನದ ಎಲಿವೇಟರನ್ನು, ಅಂದರೆ ಮೂಗನ್ನು ಏರಿಳಿಸುವ ಬಾಲದ ಹಲಗೆಯನ್ನು, ಇಪ್ಪತ್ತು ವರ್ಷದ ಗೇರಿಗೆ ಒಪ್ಪಿಸಬೇಡಿ.

ಮೆಥನಾಲ್ ಇಂಧನದ ಗ್ಲೋ ಎಂಜಿನ್ ಮಾತ್ರ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ತಿರುಗದೆ ಬಿಗಿದಿದ್ದರೆ ಬಹುತೇಕ ಸಲ ಇಂಧನದಲ್ಲಿದ್ದ ಹರಳೆಣ್ಣೆ ಅಂಟಾಗಿ ಗಟ್ಟಿಯಾಗಿದೆ ಎಂದೇ ಅರ್ಥ. ಬಲ ಹಾಕಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೀಟ್ ಗನ್ನಿನಿಂದ ಸಿಲಿಂಡರನ್ನೂ ಕ್ರ್ಯಾಂಕ್‌ಕೇಸನ್ನೂ ಚೆನ್ನಾಗಿ ಬಿಸಿ ಮಾಡಿ, ಬಟ್ಟೆಯಲ್ಲಿ ಹಿಡಿದು ಪ್ರೊಪೆಲ್ಲರನ್ನು ಮೆಲ್ಲಗೆ ಹಿಂದೆಮುಂದೆ ಆಡಿಸಿ. ಬಿಟ್ಟುಕೊಂಡ ಮೇಲೆ ಹಿಂಬದಿಯ ಮುಚ್ಚಳ ತೆಗೆದು ಬೇರಿಂಗ್ ನೋಡಿ. ಮೆಥನಾಲ್ ಗಾಳಿಯ ತೇವ ಹೀರುತ್ತದೆ, ನೈಟ್ರೊಮೀಥೇನ್ ಉರಿದು ಉಳಿದದ್ದು ಆಮ್ಲೀಯವಾಗಿರುತ್ತದೆ. ಎಣ್ಣೆ ಹಾಕದೆ ಇಟ್ಟಿದ್ದರೆ ತುಕ್ಕು ಗ್ಯಾರಂಟಿ. ಬೇರಿಂಗ್ ಬದಲಿಸುವುದು ದೊಡ್ಡ ಕೆಲಸವೇನಲ್ಲ. ಹೊರಗೆ ಕಂದುಗಟ್ಟಿದ ಕಿಟ್ಟ ಹೋಗಬೇಕೆಂದರೆ ಕಾರ್ಬ್ಯುರೇಟರ್ ಬಿಚ್ಚಿ, ರಬ್ಬರ್ ಉಂಗುರಗಳನ್ನು ತೆಗೆದು, ರೇಡಿಯೇಟರಿಗೆ ಹಾಕುವ ಕೂಲೆಂಟಿನಲ್ಲಿ ಎಂಜಿನ್ನನ್ನು ಕುದಿಯದಷ್ಟು ಬಿಸಿಯಲ್ಲಿ ಕೆಲವು ಗಂಟೆ ಇಡುವುದು ಹಳಬರ ಉಪಾಯ. ಗಾಳಿಯಾಡುವ ಜಾಗದಲ್ಲಿ ಮಾಡಿ. ಆ ಪಾತ್ರೆಯಲ್ಲಿ ಮತ್ತೆ ಅಡುಗೆ ಮಾಡುವಂತಿಲ್ಲ.

ರೇಡಿಯೊ: ಇಲ್ಲಿ ಹಳೆಯದಕ್ಕೆ ಅಂಟಿಕೊಳ್ಳಬೇಡಿ

72 ಅಥವಾ 35 ಮೆಗಾಹರ್ಟ್ಸ್ ರೇಡಿಯೊಗಳ ಕಾಲದಲ್ಲಿ ಆವರ್ತನ ನಿಗದಿ ಮಾಡುವ ಕ್ರಿಸ್ಟಲ್ ಇತ್ತು, ಚಾನೆಲ್ ಸಂಖ್ಯೆ ಇತ್ತು, ಮೈದಾನದ ಬೋರ್ಡಿನಲ್ಲಿ ಸಿಕ್ಕಿಸುವ ಪಿನ್ ಇತ್ತು. ಯಾರೋ ಪಿನ್ ತೆಗೆದುಕೊಳ್ಳದೆ ಟ್ರಾನ್ಸ್‌ಮಿಟರ್ ಹಾಕಿದರೆ ಇನ್ನೊಬ್ಬರ ವಿಮಾನ ಬೀಳುತ್ತಿತ್ತು. 2005–06ರ ಸುಮಾರಿಗೆ 2.4 ಗಿಗಾಹರ್ಟ್ಸ್ ಸೆಟ್ಟುಗಳು ಬಂದವು, ಆ ಪಿನ್ನಿನ ಕಾಲ ಮುಗಿಯಿತು. ಈಗ ಪ್ರತಿ ರಿಸೀವರನ್ನೂ ನಿಮ್ಮ ಟ್ರಾನ್ಸ್‌ಮಿಟರಿಗೆ ಒಮ್ಮೆ ‘ಬೈಂಡ್’ ಮಾಡಿದರೆ ಅದು ನಿಮ್ಮ ಮಾತನ್ನು ಮಾತ್ರ ಕೇಳುತ್ತದೆ. ಹತ್ತು ಮಂದಿ ಒಟ್ಟಿಗೆ ಹಾರಿಸಿದರೂ ತೊಂದರೆಯಿಲ್ಲ.

ಕೊಳ್ಳುವಾಗ ನೋಡಬೇಕಾದ್ದು ಚಾನೆಲ್‌ಗಳ (ಈಗ ಇದರರ್ಥ ಬೇರೆ ಬೇರೆಯಾಗಿ ಆಡಿಸಬಹುದಾದ ನಿಯಂತ್ರಣಗಳು) ಸಂಖ್ಯೆಯನ್ನಷ್ಟೇ ಅಲ್ಲ. ಒಂದು ಕಂಪನಿಯ ರಿಸೀವರ್ ಇನ್ನೊಂದರ ಟ್ರಾನ್ಸ್‌ಮಿಟರ್ ಜೊತೆ ಸಾಮಾನ್ಯವಾಗಿ ಮಾತಾಡುವುದಿಲ್ಲ. ಸ್ಪೆಕ್ಟ್ರಮ್, ಫುಟಾಬಾ, ಫ್ರಿಸ್ಕೈ ಎಲ್ಲಕ್ಕೂ ಅವರವರದೇ ಭಾಷೆ. ನಿಮ್ಮ ಜೊತೆ ಹಾರಿಸುವವರಲ್ಲಿ ಹೆಚ್ಚು ಮಂದಿ ಯಾವುದು ಬಳಸುತ್ತಾರೋ ಅದನ್ನೇ ಕೊಳ್ಳುವುದು ಜಾಣತನ. ಸೆಟ್ಟಿಂಗ್ ತಿಳಿಯದಿದ್ದಾಗ ಪಕ್ಕದಲ್ಲೇ ಕೇಳಬಹುದು, ಎರಡು ಟ್ರಾನ್ಸ್‌ಮಿಟರುಗಳನ್ನು ‘ಬಡ್ಡಿ ಬಾಕ್ಸ್’ ಆಗಿ ಜೋಡಿಸಿ ಅವರ ಕೈಗೆ ವಿಮಾನ ಕೊಡಬಹುದು. ಸ್ಕೇಲ್ ವಿಮಾನಕ್ಕೆ 8 ಚಾನೆಲ್ ಇದ್ದರೆ ಫ್ಲಾಪ್ (ನಿಧಾನವಾಗಿ ಇಳಿಯಲು ನೆರವಾಗುವ ರೆಕ್ಕೆಯ ಹಲಗೆ), ಏಲೆರಾನ್‌ಗಳ (ವಿಮಾನವನ್ನು ಎಡ–ಬಲಕ್ಕೆ ಬಾಗಿಸುವ ರೆಕ್ಕೆಯ ಹಲಗೆಗಳು) ಎರಡು ಸರ್ವೊ, ದೀಪ ಎಲ್ಲಕ್ಕೂ ಸಾಕು. ಹಿಂದೆ ಮೋಡ್ 1 (ಮೋಡ್ ಎಂದರೆ ಯಾವ ಕೈಯ ಸ್ಟಿಕ್ ಏನನ್ನು ಆಡಿಸುತ್ತದೆ ಎಂಬ ಹಂಚಿಕೆ) ಬಳಸಿದ್ದರೆ ಮೋಡ್ 1ರಲ್ಲೇ ಇರಿ, ಮೋಡ್ 2 ಆದರೆ ಅದರಲ್ಲೇ. ಬೆರಳಿನಲ್ಲಿ ಉಳಿದಿರುವ ಅಲ್ಪಸ್ವಲ್ಪ ನೆನಪನ್ನು ಕೆಡಿಸಬೇಡಿ.

ರಿಸೀವರ್‌ನ ಒಂದು ಮೀಟರ್ ಉದ್ದದ ಆಂಟೆನಾ ತಂತಿ ಈಗಿಲ್ಲ. ಬೆರಳುದ್ದದ ಎರಡು ತಂತಿಗಳಿರುತ್ತವೆ. ಅವನ್ನು ಒಂದಕ್ಕೊಂದು 90 ಡಿಗ್ರಿ ಕೋನದಲ್ಲಿ, ಕಾರ್ಬನ್ ಫೈಬರ್, ಬ್ಯಾಟರಿ, ಮೋಟಾರಿನ ವೈರುಗಳಿಂದ ದೂರದಲ್ಲಿ ಅಂಟಿಸಿ. ಫೇಲ್‌ಸೇಫ್ ಹೊಂದಿಸುವುದನ್ನು ಬಿಡಬೇಡಿ: ಸಂಪರ್ಕ ಕಡಿದರೆ ಥ್ರಾಟಲ್ (ಎಂಜಿನ್ ಅಥವಾ ಮೋಟಾರಿನ ಶಕ್ತಿ) ಪೂರ್ತಿ ಇಳಿಯಬೇಕು. ಟ್ರಾನ್ಸ್‌ಮಿಟರ್ ಆಫ್ ಮಾಡಿ ಇದನ್ನು ಖಾತ್ರಿ ಮಾಡಿಕೊಳ್ಳುವಾಗ ಪ್ರೊಪೆಲ್ಲರ್ ಬಿಚ್ಚಿರಬೇಕು.

ವಿಮಾನದ ಅಲುಗಾಟವನ್ನು ತಾನೇ ಸರಿಪಡಿಸುವ ಗೈರೊ ಇರುವ ರಿಸೀವರ್‌ಗಳ ಬಗ್ಗೆ ಹಳಬರಲ್ಲಿ ಒಂದು ಬಿಗುಮಾನವಿದೆ, ‘ಅದು ನಿಜವಾದ ಹಾರಾಟ ಅಲ್ಲ’ ಎಂದು. ನಾನು ಒಪ್ಪುವುದಿಲ್ಲ. ಹಗುರವಾದ ಸಣ್ಣ ವಿಮಾನ ಗಾಳಿಯಲ್ಲಿ ಚಡಪಡಿಸುವುದು ಸ್ಕೇಲ್ ನೋಟವನ್ನೇ ಕೆಡಿಸುತ್ತದೆ. ಗೈರೊ ಅದನ್ನು ತಗ್ಗಿಸುತ್ತದೆ. ಆದರೆ ವಿಮಾನ ಗೈರೊ ಇಲ್ಲದೆಯೂ ನೇರ ಹಾರುವಂತೆ ಟ್ರಿಮ್ ಆಗಿರಬೇಕು. ತಪ್ಪು ಸಿ.ಜಿ.ಯನ್ನು (ಗುರುತ್ವ ಕೇಂದ್ರವನ್ನು) ಗೈರೊದಿಂದ ಮುಚ್ಚಿಡಲು ಹೋದವರಿಗೆ ಲ್ಯಾಂಡಿಂಗಿನಲ್ಲಿ ಲೆಕ್ಕ ಚುಕ್ತಾ ಆಗುತ್ತದೆ.

ಬೆರಳು ಪಳಗಿಸುವುದು

ಸಿಮ್ಯುಲೇಟರಿನಿಂದ ಶುರು ಮಾಡಿ. ನಿಮ್ಮದೇ ಟ್ರಾನ್ಸ್‌ಮಿಟರನ್ನು ಕಂಪ್ಯೂಟರಿಗೆ ಜೋಡಿಸಿ ದಿನಕ್ಕೆ ಕಾಲು ಗಂಟೆ. ಲೂಪು, ರೋಲು ಹೊಡೆದು ಖುಷಿಪಡುವುದು ಇದ್ದೇ ಇದೆ. ಅಭ್ಯಾಸ ಮಾಡಬೇಕಾದ್ದು ನಿಮ್ಮತ್ತ ಬರುತ್ತಿರುವ ವಿಮಾನ. ಆಗ ಎಡ–ಬಲ ಅದಲುಬದಲಾಗುತ್ತದೆ, ಬಿಟ್ಟುಹೋದವರು ಮೊದಲು ಮರೆಯುವುದೂ ಅದನ್ನೇ. ಕೆಳಗಿಳಿದ ರೆಕ್ಕೆ ಯಾವ ಕಡೆಗಿದೆಯೋ ಆ ಕಡೆಗೇ ಸ್ಟಿಕ್ ತಳ್ಳಿ, ಅದಕ್ಕೆ ಊರುಗೋಲು ಕೊಟ್ಟ ಹಾಗೆ, ರೆಕ್ಕೆ ಮೇಲೇಳುತ್ತದೆ. ಈ ಒಂದು ಸೂತ್ರ ಗೊಂದಲ ಕಳೆಯುತ್ತದೆ.

ಆಮೇಲೆ ಫೋಮ್ ಟ್ರೇನರ್: ಮೇಲ್ರೆಕ್ಕೆ, 1.2ರಿಂದ 1.5 ಮೀಟರ್ ಅಗಲ, ಏಲೆರಾನ್ ಸೇರಿ ನಾಲ್ಕು ಚಾನೆಲ್. ಇದರಲ್ಲಿ ಎರಡೂ ದಿಕ್ಕಿನ ಸರ್ಕ್ಯೂಟ್, ಆಯತಾಕಾರದ ಅಪ್ರೋಚ್, ಥ್ರಾಟಲ್‌ನಿಂದ ಎತ್ತರ ಹಿಡಿಯುವುದು, ಮೋಟಾರ್ ಆಫ್ ಮಾಡಿ ಇಳಿಸುವುದು ಬೇಸರ ಬರುವಷ್ಟು ಮಾಡಿ. ಮುಖ್ಯವಾಗಿ ರಡರ್, ಅಂದರೆ ಮೂಗನ್ನು ಎಡ–ಬಲಕ್ಕೆ ತಿರುಗಿಸುವ ಬಾಲದ ಹಲಗೆ, ಬಳಸಿ. ಟ್ರೇನರ್ ರಡರ್ ಇಲ್ಲದೆಯೂ ತಿರುಗುತ್ತದೆ; ನೀವು ಮುಂದೆ ಹಾರಿಸಲಿರುವ ಸ್ಕೇಲ್ ವಿಮಾನ ಅಷ್ಟು ಸಲೀಸಾಗಿ ತಿರುಗುವುದಿಲ್ಲ.

ವಯಸ್ಸಿನ ಮಾತು ಆಡದೆ ವಿಧಿಯಿಲ್ಲ. ಪ್ರೋಗ್ರೆಸ್ಸಿವ್ ಅಥವಾ ಬೈಫೋಕಲ್ ಕನ್ನಡಕ ಹಾಕುವವರು ಹಾರಿಸಲು ದೂರದ ದೃಷ್ಟಿಗೆ ಮಾತ್ರ ಇರುವ ಬೇರೆ ಕನ್ನಡಕ ಮಾಡಿಸಿಕೊಳ್ಳಿ; ತಲೆ ಎತ್ತಿದಾಗ ಗಾಜಿನ ಯಾವ ಭಾಗದಿಂದ ನೋಡುತ್ತಿದ್ದೇವೆ ಎಂಬ ಗೊಂದಲ ಇರುವುದಿಲ್ಲ. ಜೊತೆಗೆ, ಹಿಂದೆ 1.2 ಮೀಟರಿನ ವಿಮಾನ ಸ್ಪಷ್ಟ ಕಾಣುತ್ತಿದ್ದವರಿಗೆ ಈಗ 1.8 ಮೀಟರಿನದು ಬೇಕಾಗುತ್ತದೆ.

ಯಾವ ವಿಮಾನ ಕಟ್ಟಬೇಕು

ಚಂದ ನೋಡಿ ಆರಿಸುವ ಮುನ್ನ ಸ್ವಲ್ಪ ಲೆಕ್ಕ. ನಿಜವಾದ ವಿಮಾನವನ್ನು 1/6ಕ್ಕೆ ಕುಗ್ಗಿಸಿದರೆ ಉದ್ದ 6 ಪಟ್ಟು, ರೆಕ್ಕೆಯ ವಿಸ್ತೀರ್ಣ 36 ಪಟ್ಟು, ತೂಕ 216 ಪಟ್ಟು ಕಡಿಮೆಯಾಗಬೇಕು. ವೇಗ ಮಾತ್ರ 6ರ ವರ್ಗಮೂಲದಷ್ಟು, ಅಂದರೆ ಸುಮಾರು 2.45 ಪಟ್ಟು, ಕಡಿಮೆಯಾದರೆ ಹಾರಾಟ ನಿಜದಂತೆ ಕಾಣುತ್ತದೆ.

ಪೈಪರ್ ಜೆ–3 ಕಬ್ ತೆಗೆದುಕೊಳ್ಳಿ. ನಿಜವಾದದ್ದರ ರೆಕ್ಕೆ 10.74 ಮೀಟರ್, ವಿಸ್ತೀರ್ಣ 16.6 ಚದರ ಮೀಟರ್, ಗರಿಷ್ಠ ತೂಕ 553 ಕಿಲೊ, ಸ್ಟಾಲ್ ವೇಗ (ಇದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದು) ಗಂಟೆಗೆ ಸುಮಾರು 61 ಕಿ.ಮೀ. 1/6ರಲ್ಲಿ ರೆಕ್ಕೆ 1.79 ಮೀಟರ್, ವಿಸ್ತೀರ್ಣ 46 ಚದರ ಡೆಸಿಮೀಟರ್, ತೂಕ 2.56 ಕಿಲೊ, ಸ್ಟಾಲ್ ಗಂಟೆಗೆ 25 ಕಿ.ಮೀ. ರೆಕ್ಕೆಯ ಹೊರೆ ಚದರ ಡೆಸಿಮೀಟರಿಗೆ ಸುಮಾರು 56 ಗ್ರಾಂ. ಕೈಯಲ್ಲಿ ಹೊತ್ತು ತರಬಹುದಾದ, ಓಡುವಷ್ಟು ವೇಗದಲ್ಲಿ ಇಳಿಯುವ ವಿಮಾನ! ಅದನ್ನೇ ನೀವು 3.3 ಕಿಲೊಗೆ ಕಟ್ಟಿದರೆ ಹೊರೆ 72 ಗ್ರಾಂಗೆ ಏರುತ್ತದೆ, ಇಳಿಯುವ ವೇಗ ಶೇ. 13ರಷ್ಟು ಹೆಚ್ಚುತ್ತದೆ. ಸಣ್ಣ ರೆಕ್ಕೆಯ ಮೇಲೆ ಗಾಳಿಯ ವರ್ತನೆ ದೊಡ್ಡ ರೆಕ್ಕೆಯ ಮೇಲಿನಷ್ಟು ಒಳ್ಳೆಯದಲ್ಲವಾದ್ದರಿಂದ ಕಾಗದದ ಲೆಕ್ಕಕ್ಕಿಂತ ನಿಜಸ್ಥಿತಿ ಇನ್ನೂ ಸ್ವಲ್ಪ ಬಿಗಿ.

ಮೊದಲ ಸ್ಕೇಲ್ ವಿಮಾನಕ್ಕೆ ನನ್ನ ಮತ ಮೇಲ್ರೆಕ್ಕೆಯ ನಾಗರಿಕ ವಿಮಾನಕ್ಕೇ: ಕಬ್, ಸೆಸ್ನಾ 172. ಸೆಸ್ನಾಗೆ ಮೂಗಿನ ಚಕ್ರ ಇರುವುದರಿಂದ ನೆಲದ ಮೇಲೆ ಇನ್ನೂ ಸುಲಭ. ಟೈಗರ್ ಮಾತ್ ಬೇಕೇ ಬೇಕೆನ್ನುವವರು ಮೈದಾನದಲ್ಲಿ ಎರಡೆರಡು ರೆಕ್ಕೆ, ಕಂಬ, ತಂತಿ ಜೋಡಿಸುವ ತಾಳ್ಮೆ ತಮಗಿದೆಯೇ ಎಂದು ಕೇಳಿಕೊಳ್ಳಲಿ. ಸ್ಪಿಟ್‌ಫೈರ್, ಮೆಸ್ಸರ್‌ಶ್ಮಿಟ್ 109 ಎರಡನೆಯ ಅಥವಾ ಮೂರನೆಯದಾಗಿ ಬರಲಿ: ಚಕ್ರಗಳು ಹತ್ತಿರ ಹತ್ತಿರ, ಮೂಗು ಭಾರ, ರೆಕ್ಕೆಯ ತುದಿ ಕಿರಿದು. ನಿಧಾನವಾದಾಗ ತುದಿ ಮೊದಲು ಸ್ಟಾಲ್ ಆಗಿ ಒಂದು ಕಡೆಗೆ ಮಗುಚುತ್ತದೆ. ನಿಜವಾದ ಸ್ಪಿಟ್‌ಫೈರ್ ರೆಕ್ಕೆಯಲ್ಲೇ ಬುಡದಿಂದ ತುದಿಗೆ 2.5 ಡಿಗ್ರಿ ವಾಶ್‌ಔಟ್ (ತುದಿಯನ್ನು ಕೆಳಮುಖವಾಗಿಸುವ ತಿರುಚು) ಇತ್ತು. ಮಾದರಿಯಲ್ಲಿ ಅದನ್ನು ಬಿಟ್ಟರೆ ಕೇಳುವುದೇ ಬೇಡ.

ಇನ್ನು ಎಷ್ಟು ನಿಖರವಾಗಿರಬೇಕು? ಅಂತರರಾಷ್ಟ್ರೀಯ ಸ್ಪರ್ಧೆಯ ಎಫ್4ಸಿ ವಿಭಾಗದಲ್ಲಿ ತೀರ್ಪುಗಾರರು ಮೂರು ಕಡೆಯ ನಕ್ಷೆ, ಫೋಟೊ, ಬಣ್ಣದ ದಾಖಲೆ ಹಿಡಿದು ಅಳೆಯುತ್ತಾರೆ. ಮರಳಿ ಬರುವವರಿಗೆ ಅದು ಬೇಡ. ಹತ್ತು ಹೆಜ್ಜೆ ದೂರದಿಂದ ನೋಡಿದಾಗ ಆಕಾರ, ಬಣ್ಣ, ನಿಂತ ಭಂಗಿ ನಿಜದ್ದೆನಿಸಿದರೆ ಸಾಕು ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ಆದರೆ ‘ಕಬ್’ ಎಂದಷ್ಟೇ ಇಟ್ಟುಕೊಳ್ಳದೆ ಒಂದು ನಿರ್ದಿಷ್ಟ ವಿಮಾನವನ್ನು, ಅದರ ನೋಂದಣಿ ಸಂಖ್ಯೆ ಸಹಿತ, ಆರಿಸಿ ಅದರ ಫೋಟೊಗಳನ್ನು ಕೂಡಿಹಾಕಿ. ನಂತರದ ನೂರು ಸಣ್ಣ ನಿರ್ಧಾರಗಳನ್ನು ಆ ಫೋಟೊಗಳೇ ಮಾಡಿಬಿಡುತ್ತವೆ.

ಎಂಜಿನ್ನೋ, ಮೋಟಾರೋ

ಗ್ಲೋ ಎಂಜಿನ್ನಿನ ವಾಸನೆಗಾಗಿಯೇ ಮರಳಿದವರಿಗೆ ನಾನು ಅಡ್ಡ ಬರುವುದಿಲ್ಲ. ಉಳಿದವರಿಗೆ ಬ್ರಶ್‌ಲೆಸ್ ಮೋಟಾರು ವರದಾನ: ಎಣ್ಣೆ ಒರೆಸುವ ಕೆಲಸವಿಲ್ಲ, ಅರ್ಧ ದಾರಿಯಲ್ಲಿ ನಿಲ್ಲುವುದು ಅಪರೂಪ, ನಡುಕ ಕಡಿಮೆಯಾದ್ದರಿಂದ ವಿಮಾನವನ್ನು ಹಗುರವಾಗಿ ಕಟ್ಟಬಹುದು.

‘40 ಸೈಜು, 60 ಸೈಜು’ ಎಂಬ ಹಳೆಯ ಎಂಜಿನ್ ಗಾತ್ರದ ಲೆಕ್ಕ ಬಿಟ್ಟು ವ್ಯಾಟ್‌ನಲ್ಲಿ ಯೋಚಿಸಿ. ಕಬ್‌ನಂಥದಕ್ಕೆ ಕಿಲೊಗೆ 150–200 ವ್ಯಾಟ್, ಯುದ್ಧವಿಮಾನಕ್ಕೆ 250–300. ನಮ್ಮ 2.5 ಕಿಲೊ ಕಬ್‌ಗೆ 450 ವ್ಯಾಟ್ ಎಂದುಕೊಳ್ಳೋಣ. ನಾಲ್ಕು ಸೆಲ್ಲಿನ ಲಿಪೊ ಹೊರೆಯಲ್ಲಿ 14 ವೋಲ್ಟ್ ಕೊಟ್ಟರೆ 32 ಆಂಪಿಯರ್. 50–60 ಆಂಪಿಯರಿನ ಸ್ಪೀಡ್ ಕಂಟ್ರೋಲರ್ ಹಾಕಿದರೆ ಆರಾಮ. ಮೋಟಾರಿನ ಮೇಲೆ ಬರೆದಿರುವ ‘ಕೆವಿ’ ಕಿಲೊವೋಲ್ಟ್ ಅಲ್ಲ. ಹೊರೆಯಿಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಸಂಖ್ಯೆ. ಕಡಿಮೆ ಕೆವಿ, ದೊಡ್ಡ ಪ್ರೊಪೆಲ್ಲರ್: ಸ್ಕೇಲ್ ವಿಮಾನಕ್ಕೆ ನೋಟಕ್ಕೂ ಸದ್ದಿಗೂ ಅದೇ ಚೆನ್ನ. ಇಲ್ಲಿ 600–750 ಕೆವಿ, 13×6 ಅಥವಾ 14×7 (ಇಂಚಿನಲ್ಲಿ ವ್ಯಾಸ ಮತ್ತು ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಪ್ರೊಪೆಲ್ಲರ್‌ನಿಂದ ಶುರು ಮಾಡಿ, ವ್ಯಾಟ್‌ಮೀಟರ್ ಹಾಕಿ ಅಳೆಯಿರಿ. ಫುಟಾಬಾ ಬಳಸುವವರು ಥ್ರಾಟಲ್ ಚಾನೆಲ್ಲನ್ನು ರಿವರ್ಸ್ ಮಾಡಬೇಕಾಗುತ್ತದೆ, ಇಲ್ಲವಾದರೆ ಕಂಟ್ರೋಲರ್ ಬರೀ ಕೂಗುತ್ತಾ ಕೂರುತ್ತದೆ.

ಲಿಪೊ ಬ್ಯಾಟರಿ ನಿಕಲ್ ಕ್ಯಾಡ್ಮಿಯಂನಷ್ಟು ಸಹನೆಯದಲ್ಲ. ಒಂದು ಸೆಲ್ಲಿಗೆ ಪೂರ್ತಿ ಎಂದರೆ 4.2 ವೋಲ್ಟ್, ಇಡುವಾಗ 3.8, ಹಾರಿಸಿ ಇಳಿಸಿದ ಮೇಲೆ 3.7ಕ್ಕಿಂತ ಬಹಳ ಕೆಳಗಿದ್ದರೆ ಹೆಚ್ಚು ಹೊತ್ತು ಹಾರಿಸಿದ್ದೀರಿ. ಎಲ್ಲ ಸೆಲ್ಲುಗಳನ್ನೂ ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್‌ನಲ್ಲಿ, 1ಸಿ ದರದಲ್ಲಿ (ಸುಮಾರು ಒಂದು ಗಂಟೆಯಲ್ಲಿ ತುಂಬುವ ವೇಗ), ಬೆಂಕಿ ಹತ್ತದ ಜಾಗದಲ್ಲಿ, ಕಣ್ಣೆದುರಿಗೇ ಚಾರ್ಜ್ ಮಾಡಿ. ಉಬ್ಬಿದ ಪ್ಯಾಕ್ ಮತ್ತೆ ವಿಮಾನಕ್ಕೆ ಹತ್ತಬಾರದು. 4000 ಮಿಲಿಆಂಪಿಯರ್‌ಅವರ್ ಪ್ಯಾಕಿನ ಶೇ. 80, ಅಂದರೆ 3200, ಬಳಸಬಹುದು. ಸರಾಸರಿ 15 ಆಂಪಿಯರ್ ಎಳೆದರೆ ಹನ್ನೆರಡು ನಿಮಿಷ ಬರುತ್ತದೆ. ಟೈಮರನ್ನು ಮೊದಲಿಗೆ 7ಕ್ಕೆ ಇಡಿ.

ಗ್ಲೋ ಎಂಜಿನ್ ನಿಂತಿದ್ದರೆ ನಿಂತಿರುತ್ತದೆ. ವಿದ್ಯುತ್ ಮೋಟಾರ್ ಬ್ಯಾಟರಿ ಜೋಡಿಸಿದ ಕ್ಷಣದಿಂದ ಯಾವಾಗ ಬೇಕಾದರೂ ತಿರುಗಬಹುದು. ಹಳಬರ ಬೆರಳಿಗೆ ಪೆಟ್ಟಾಗುವುದು ಬಹುಪಾಲು ಈ ವ್ಯತ್ಯಾಸ ಮರೆತಾಗ. ಟ್ರಾನ್ಸ್‌ಮಿಟರ್‌ನಲ್ಲಿ ಮೋಟಾರ್ ತಿರುಗದಂತೆ ತಡೆಯುವ ಥ್ರಾಟಲ್ ಕಟ್ ಸ್ವಿಚ್ ಕಡ್ಡಾಯ.

ಕಟ್ಟುವುದು

ಈಗಿನ ಕಿಟ್‌ಗಳಲ್ಲಿ ಭಾಗಗಳು ಲೇಸರ್‌ನಲ್ಲಿ ಕತ್ತರಿಸಿ ಬರುತ್ತವೆ, ಒಂದಕ್ಕೊಂದು ಲಾಕ್ ಆಗಿ ಕೂರುತ್ತವೆ. ಕೂತಿದೆ ಎಂದು ನೇರವಾಗಿದೆ ಎಂದುಕೊಳ್ಳಬೇಡಿ. ಸಮತಟ್ಟಾದ ಹಲಗೆ, ಅದರ ಮೇಲೆ ನಕ್ಷೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ: ಈ ಹಳೆಯ ಪದ್ಧತಿ ಇಂದಿಗೂ ಬೇಕು.

ಕತ್ತರಿ ಹಾಕುವ ಮುನ್ನ ತಕ್ಕಡಿ ತನ್ನಿ. ಬಾಲ್ಸಾ ಹಗುರವಾದದ್ದು ಘನ ಮೀಟರಿಗೆ 100–130 ಕಿಲೊ, ಗಟ್ಟಿಯದು 200 ದಾಟುತ್ತದೆ. ಹಾಗಾದರೆ 3 ಮಿ.ಮೀ. ದಪ್ಪ, 10 ಸೆಂ.ಮೀ. ಅಗಲ, 1 ಮೀಟರ್ ಉದ್ದದ ಹಾಳೆ 36 ಗ್ರಾಂ ಇರಬಹುದು, 60 ಗ್ರಾಂ ಕೂಡ ಇರಬಹುದು. ಪ್ರತಿ ಹಾಳೆಯ ಮೇಲೆ ತೂಕ ಬರೆಯಿರಿ. ಭಾರದವು ರೆಕ್ಕೆಯ ಸ್ಪಾರ್ (ಉದ್ದಕ್ಕೂ ಇರುವ ಆಧಾರ ಪಟ್ಟಿ), ಎಂಜಿನ್ನಿನ ಸುತ್ತ ಹೋಗಲಿ. ಹಗುರವಾದವು ಬಾಲಕ್ಕೆ, ರೆಕ್ಕೆ ತುದಿಗೆ.

ಬಾಲದ ಬಗ್ಗೆ ಜಿಪುಣರಾಗಿರಿ. ಸ್ಕೇಲ್ ವಿಮಾನಗಳ ಮೂಗು ಸಾಮಾನ್ಯವಾಗಿ ಮೋಟು, ಬಾಲ ಉದ್ದ. ಸಿ.ಜಿ.ಯಿಂದ ಬಾಲದ ದೂರ ಮೂಗಿನ ದೂರದ ಮೂರರಷ್ಟಿದ್ದರೆ ಬಾಲದಲ್ಲಿ ಹೆಚ್ಚಿದ 1 ಗ್ರಾಂಗೆ ಮೂಗಿನಲ್ಲಿ 3 ಗ್ರಾಂ ಸೀಸ ಬೇಕು. 30 ಗ್ರಾಂ ಅಂಟು, ಬಣ್ಣ, ಪುಟ್ಟಿ ಬಾಲದಲ್ಲಿ ಸೇರಿಕೊಂಡರೆ ಒಟ್ಟು 120 ಗ್ರಾಂ ದಂಡ. ಮೊದಲ ಮಹಾಯುದ್ಧದ ದ್ವಿರೆಕ್ಕೆ ವಿಮಾನಗಳಲ್ಲಿ ಈ ಅನುಪಾತ ಇನ್ನೂ ಕೆಟ್ಟದ್ದು. ಬಾಲದ ಚಕ್ರ, ಸರ್ವೊ, ಬ್ರೇಸಿಂಗ್ ತಂತಿ ಪ್ರತಿಯೊಂದನ್ನೂ ಈ ಕಣ್ಣಿನಿಂದ ನೋಡಿ. ಬ್ಯಾಟರಿ ಪೆಟ್ಟಿಗೆಯನ್ನು ಆದಷ್ಟು ಮುಂದೆ ಮಾಡಿ, ಅದನ್ನು ತೆಗೆಯಲು ವಿಂಡ್‌ಸ್ಕ್ರೀನ್ ಅಥವಾ ಕೌಲ್ (ಎಂಜಿನ್ ಮುಚ್ಚುವ ಕವಚ) ಅಡಿಯಲ್ಲಿ ಮ್ಯಾಗ್ನೆಟ್ ಮುಚ್ಚಳ ಇಡಿ. ಮೈದಾನದಲ್ಲಿ ವಿಮಾನ ಬೋರಲು ಹಾಕಿ ರೆಕ್ಕೆ ಬಿಚ್ಚುವ ಕೆಲಸ ಎರಡನೇ ವಾರಕ್ಕೇ ಸಾಕಾಗುತ್ತದೆ.

ಅಂಟುಗಳಲ್ಲಿ, ಚೌಕಟ್ಟಿಗೆ ಹಳದಿ ಬಣ್ಣದ ಅಲಿಫ್ಯಾಟಿಕ್ ಮರದ ಅಂಟು ನನ್ನ ಆಯ್ಕೆ. ನಿಧಾನ, ಆದರೆ ಜೋಡಣೆ ಸರಿಪಡಿಸಲು ಸಮಯ ಕೊಡುತ್ತದೆ, ಚೆನ್ನಾಗಿ ಉಜ್ಜಿಸಿಕೊಳ್ಳುತ್ತದೆ. ಸೈನೋ ತಾತ್ಕಾಲಿಕ ಹಿಡಿತಕ್ಕೆ. ಅದರ ಹೊಗೆ ಕಣ್ಣು ಮೂಗಿಗೆ ಒಳ್ಳೆಯದಲ್ಲ. ಮೋಟಾರ್ ಗೋಡೆ (ಮೋಟಾರನ್ನು ಕೂರಿಸುವ ಹಲಗೆ), ಚಕ್ರದ ಕಾಲು, ರೆಕ್ಕೆ ಸೇರುವ ಜಾಗಕ್ಕೆ 30 ನಿಮಿಷದ ಎಪಾಕ್ಸಿ. 5 ನಿಮಿಷದ್ದು ಅಲ್ಲಿ ಬೇಡ, ಅದು ಮರದೊಳಗೆ ಇಳಿಯುವ ಮೊದಲೇ ಗಟ್ಟಿಯಾಗುತ್ತದೆ.

ಮೋಟಾರ್ ಗೋಡೆಗೆ 2–3 ಡಿಗ್ರಿ ಕೆಳಕ್ಕೆ, 2 ಡಿಗ್ರಿ ಬಲಕ್ಕೆ ಓರೆ ಕೊಡಿ, ನಕ್ಷೆಯಲ್ಲಿ ಬೇರೆ ಹೇಳಿದ್ದರೆ ಅದರಂತೆ. ಓರೆಯಿಂದ ಪ್ರೊಪೆಲ್ಲರ್ ಶಾಫ್ಟ್ ಕೌಲ್ ನಡುವಿನಿಂದ ಸರಿಯುತ್ತದೆ, ಹಾಗಾಗಿ ಮೋಟಾರನ್ನು ಅಷ್ಟು ಎಡಕ್ಕೂ ಮೇಲಕ್ಕೂ ಸರಿಸಿ ಕೂರಿಸಬೇಕು. ಹಿಂಜುಗಳನ್ನು ಅಂಟಿಸಿದ ಮರುದಿನ ಪ್ರತಿಯೊಂದನ್ನೂ ಎಳೆದು ನೋಡಿ.

3ಡಿ ಪ್ರಿಂಟರ್ ನೀವು ಬಿಟ್ಟುಹೋದಾಗ ಸಾಮಾನ್ಯ ಹವ್ಯಾಸಿಗಳ ಕೈಗೆಟುಕುತ್ತಿರಲಿಲ್ಲ. ಡಮ್ಮಿ ಎಂಜಿನ್ ಸಿಲಿಂಡರ್, ಡ್ಯಾಶ್‌ಬೋರ್ಡ್, ಚಕ್ರದ ಹಬ್ ಮಾಡಲು ಅದರಷ್ಟು ಚೆನ್ನಾದ ಸಾಧನ ಇನ್ನೊಂದಿಲ್ಲ. ಮುದ್ರಿಸುವಾಗ ನೊರೆಯಂತೆ ಉಬ್ಬುವ ಹಗುರ ಪಿಎಲ್‌ಎ ಪ್ಲಾಸ್ಟಿಕ್ ತಂತು ಸಿಗುತ್ತದೆ, ಅದನ್ನೇ ಬಳಸಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಪಿಎಲ್‌ಎ ಸೊಟ್ಟಗಾಗುವುದುಂಟು; ಭಾರ ಹೊರುವ ಜಾಗಕ್ಕೆ ಮರವೇ ಇರಲಿ.

ಹೊದಿಕೆ, ಬಣ್ಣ, ವಿವರ

ಕಬ್‌ನಂಥ ಬಟ್ಟೆಯ ವಿಮಾನಕ್ಕೆ ಇಸ್ತ್ರಿ ಹಾಕಿ ಅಂಟಿಸುವ ಬಟ್ಟೆ ಹೊದಿಕೆ. ಹೊಳೆಯುವ ಪ್ಲಾಸ್ಟಿಕ್ ಫಿಲ್ಮ್ ಎಷ್ಟೇ ನೀಟಾಗಿ ಹಾಕಿದರೂ ಆಟಿಕೆಯಂತೆಯೇ ಕಾಣುತ್ತದೆ. ಲೋಹದ ವಿಮಾನವಾದರೆ ಬಾಲ್ಸಾ ಹಾಳೆಯ ಮೇಲೆ ಚದರ ಮೀಟರಿಗೆ 25 ಗ್ರಾಂನ ಗಾಜಿನ ಬಟ್ಟೆ ಹಾಸಿ, ತೆಳು ಎಪಾಕ್ಸಿ ಅಥವಾ ನೀರಿನ ಪಾಲಿಯುರಥೇನ್ ವಾರ್ನಿಶ್ ಸವರಿ. ಹೆಚ್ಚಾದ ರೆಸಿನ್ನನ್ನು ಕಾಗದದಲ್ಲಿ ಒತ್ತಿ ತೆಗೆಯಿರಿ. ಬಟ್ಟೆಯ ನೇಯ್ಗೆ ರೆಸಿನ್ನಿನಿಂದ ತುಂಬಬಾರದು, ಪ್ರೈಮರ್‌ನಿಂದ ತುಂಬಿ, ಅದರಲ್ಲಿ ಬಹುಪಾಲನ್ನು ಮತ್ತೆ ಉಜ್ಜಿ ತೆಗೆಯಬೇಕು.

ರಿವೆಟ್‌ಗಳಿಗೆ ಸಿರಿಂಜಿನ ಮೊಂಡು ಸೂಜಿಯಲ್ಲಿ ಬಿಳಿ ಅಂಟಿನ ಚುಕ್ಕೆ. ಸಾವಿರಾರು ಚುಕ್ಕೆ. ಇದನ್ನು ಧ್ಯಾನ ಎನ್ನುವವರೂ ಇದ್ದಾರೆ, ಶಿಕ್ಷೆ ಎನ್ನುವವರೂ ಇದ್ದಾರೆ. ಬಣ್ಣ ನಿಜವಾದ ವಿಮಾನಕ್ಕಿಂತ ಒಂದು ಛಾಯೆ ತಿಳಿಯಾಗಿರಲಿ. ಸಣ್ಣ ವಸ್ತುವಿನ ಮೇಲೆ ಅದೇ ಬಣ್ಣ ಗಾಢವಾಗಿ ಕಾಣುತ್ತದೆ. ಅಳತೆಗೆ ಸರಿಯಾಗಿ ಕುಗ್ಗಿಸಿದ ಪೈಲಟ್ ಬೊಂಬೆ ಇಲ್ಲದ ಕಾಕ್‌ಪಿಟ್ ದೂರದಿಂದಲೂ ಎದ್ದು ಕಾಣುತ್ತದೆ, ಅದಕ್ಕೆ 20 ಗ್ರಾಂ ಖರ್ಚು ಮಾಡಿದರೆ ನಷ್ಟವಿಲ್ಲ.

ಹಾರುವ ಮುನ್ನ ಮೇಜಿನ ಮೇಲೆ

ಸಿ.ಜಿ. ನಕ್ಷೆಯಲ್ಲಿ ಗುರುತಿರುತ್ತದೆ. ಇಲ್ಲವಾದರೆ ರೆಕ್ಕೆಯ ಸರಾಸರಿ ಅಗಲದ ಶೇ. 25–28ರಲ್ಲಿ, ಮುಂದಿನ ಅಂಚಿನಿಂದ ಅಳೆದು, ಶುರು ಮಾಡಿ. ಬ್ಯಾಟರಿ ಸಹಿತ, ಹಾರಲು ಸಿದ್ಧವಾದ ಸ್ಥಿತಿಯಲ್ಲಿ ತೂಗಬೇಕು. ಎಂಜಿನ್ ಇದ್ದರೆ ಟ್ಯಾಂಕ್ ಖಾಲಿ ಇರಲಿ. ಸ್ವಲ್ಪ ಮೂಗು ಭಾರವಾದರೆ ವಿಮಾನ ಮಂದ ಎನಿಸುತ್ತದೆ, ಬಾಲ ಭಾರವಾದರೆ ಹಾರುವುದು ಒಂದೇ ಸಲ. ಎಡ–ಬಲ ರೆಕ್ಕೆಯ ತೂಕವನ್ನೂ ನೋಡಿ, ಹಗುರವಾದ ತುದಿಗೆ ಬೇಕಾದಷ್ಟು ಸೀಸ ಸೇರಿಸಿ.

ಕಬ್‌ನ ಏಲೆರಾನ್ ಕೆಳಗಿಳಿದ ಕಡೆ ಗಾಳಿಯ ಎಳೆತ ಹೆಚ್ಚಾಗಿ ಮೂಗು ತಿರುವಿನ ವಿರುದ್ಧ ದಿಕ್ಕಿಗೆ ಹೊರಳುತ್ತದೆ. ಇದಕ್ಕೆ ಮದ್ದು ಡಿಫರೆನ್ಷಿಯಲ್: ಏಲೆರಾನ್ ಮೇಲಕ್ಕೆ ಹೋಗುವಷ್ಟರ ಅರ್ಧ ಮಾತ್ರ ಕೆಳಕ್ಕೆ. ಉಳಿದದ್ದು ನಿಮ್ಮ ರಡರ್ ಬೆರಳಿನ ಕೆಲಸ. ಏಲೆರಾನ್, ಎಲಿವೇಟರಿಗೆ ಶೇ. 25–30 ಎಕ್ಸ್‌ಪೊನೆನ್ಷಿಯಲ್ (ಸ್ಟಿಕ್ ನಡುವಿನ ಹತ್ತಿರ ಚಲನೆಯನ್ನು ಮೃದುವಾಗಿಸುವ ಸೆಟ್ಟಿಂಗ್) ಕೊಡಿ. ಕೆಲವು ಬ್ರಾಂಡುಗಳಲ್ಲಿ ಸ್ಟಿಕ್ ನಡುವೆ ಮೃದುವಾಗಲು ಋಣ ಸಂಖ್ಯೆ ಹಾಕಬೇಕು, ಕೆಲವದರಲ್ಲಿ ಧನ. ಟ್ರಾನ್ಸ್‌ಮಿಟರಿನ ಗ್ರಾಫ್ ನೋಡಿ ಖಚಿತಪಡಿಸಿಕೊಳ್ಳಿ.

ನಿಯಮಗಳೂ ಬದಲಾಗಿವೆ. ಅನೇಕ ದೇಶಗಳಲ್ಲಿ 250 ಗ್ರಾಂ ಮೀರಿದ ಮಾದರಿ ವಿಮಾನ ಹಾರಿಸಲು ನೋಂದಣಿ ಬೇಕು, ಕಣ್ಣಳತೆ ಮೀರಿ ಹಾರಿಸುವಂತಿಲ್ಲ, ಎತ್ತರಕ್ಕೆ ಸುಮಾರು 120 ಮೀಟರ್ ಮಿತಿಯಿದೆ. ನೀವಿರುವ ಕಡೆಯ ವಿಮಾನಯಾನ ಇಲಾಖೆಯ ಈಗಿನ ನಿಯಮ, ಕ್ಲಬ್ಬಿನ ವಿಮೆ ಎರಡನ್ನೂ ವಿಮಾನ ಮುಗಿಯುವ ಮೊದಲೇ ನೋಡಿಕೊಳ್ಳಿ.

ಮೊದಲ ಹಾರಾಟ

ಗಾಳಿ ಕಡಿಮೆಯಿರುವ ಬೆಳಗ್ಗೆ, ನೋಡುವವರು ಕಡಿಮೆ ಇರುವ ದಿನ. ಜೊತೆಗೆ ಹಾರಿಸಲು ಬಲ್ಲ ಒಬ್ಬರಿರಲಿ. ಟ್ರಾನ್ಸ್‌ಮಿಟರನ್ನು ಸಿಗ್ನಲ್ ತಗ್ಗಿಸಿ ಪರೀಕ್ಷಿಸುವ ರೇಂಜ್ ಚೆಕ್ ಸ್ಥಿತಿಯಲ್ಲಿಟ್ಟು 30 ಹೆಜ್ಜೆ ನಡೆದು ಎಲ್ಲ ಸರ್ವೊ ಆಡುತ್ತಿದೆಯೇ ನೋಡಿ. ವಿಮಾನವನ್ನು ಇನ್ನೊಬ್ಬರು ಭದ್ರವಾಗಿ ಹಿಡಿದು, ಮೋಟಾರ್ ಓಡಿಸಿ ಒಮ್ಮೆ, ಓಡಿಸದೆ ಒಮ್ಮೆ. ಏಲೆರಾನ್ ದಿಕ್ಕನ್ನು ವಿಮಾನದ ಹಿಂದೆ ನಿಂತು ಬಾಯಿಬಿಟ್ಟು ಹೇಳಿ: ‘ಬಲಕ್ಕೆ ತಳ್ಳಿದೆ, ಬಲದ್ದು ಮೇಲೆ.’ ಏಲೆರಾನ್ ತಿರುಗುಮುರುಗಾಗಿ ಬಿದ್ದ ಹೊಸ ವಿಮಾನಗಳಿಗೆ ಲೆಕ್ಕವಿಲ್ಲ.

ಬಾಲಚಕ್ರದ ವಿಮಾನಕ್ಕೆ ಥ್ರಾಟಲ್ ಒಮ್ಮೆಲೇ ಕೊಡಬಾರದು. ಎಲಿವೇಟರನ್ನು ಸ್ವಲ್ಪ ಹಿಂದಕ್ಕೆ ಹಿಡಿದು, ಮೂರು–ನಾಲ್ಕು ಸೆಕೆಂಡಿನಲ್ಲಿ ಥ್ರಾಟಲ್ ಏರಿಸಿ. ಮೂಗು ಎಡಕ್ಕೆ ಎಳೆಯುತ್ತದೆ, ಬಲ ರಡರ್‌ನಿಂದ ಹಿಡಿಯಿರಿ. ವೇಗ ಬಂದಂತೆ ಎಲಿವೇಟರ್ ಸಡಿಲಿಸಿದರೆ ಬಾಲ ಎದ್ದು, ವಿಮಾನ ತಾನಾಗಿ ಮೇಲೇಳುತ್ತದೆ. ಕಡಿದಾಗಿ ಏರಿಸಬೇಡಿ. ಏರುವಾಗ ಮೋಟಾರ್ ನಿಂತರೆ ಹಿಂದಕ್ಕೆ ತಿರುಗುವ ಆಸೆ ಬರುತ್ತದೆ. ತಿರುಗಬೇಡಿ, ಮೂಗು ಇಳಿಸಿ ನೇರ ಮುಂದೆ ಇಳಿಸಿ.

ಮೇಲೆ ಹೋದ ಮೇಲೆ ಅರ್ಧ ಥ್ರಾಟಲ್‌ನಲ್ಲಿ ಟ್ರಿಮ್ ಮಾಡಿ. ಎತ್ತರ ಸಾಕಷ್ಟಿರುವಾಗ ಥ್ರಾಟಲ್ ಇಳಿಸಿ, ಎಲಿವೇಟರ್ ನಿಧಾನಕ್ಕೆ ಎಳೆಯುತ್ತಾ ಸ್ಟಾಲ್ ಆಗುವವರೆಗೂ ನೋಡಿ: ಮೂಗು ನೇರ ಕೆಳಗಿಳಿಯಿತೇ, ಒಂದು ರೆಕ್ಕೆ ಬಿತ್ತೇ? ಎಷ್ಟು ನಿಧಾನವಾದಾಗ? ಈ ಪರೀಕ್ಷೆ ಬಿಟ್ಟವರಿಗೆ ಅದೇ ಉತ್ತರ ರನ್‌ವೇ ಅಂಚಿನಲ್ಲಿ ಎರಡು ಮೀಟರ್ ಎತ್ತರದಲ್ಲಿ ಸಿಗುತ್ತದೆ. ಆಮೇಲೆ ಇಳಿಯುವ ದಾರಿಯಲ್ಲಿ ಎರಡು ಸಲ ಬರೀ ಹಾದುಹೋಗಿ, ಮೂರನೆಯದಕ್ಕೆ ಗಾಳಿಗೆದುರಾಗಿ ಸ್ವಲ್ಪ ಥ್ರಾಟಲ್ ಉಳಿಸಿಕೊಂಡೇ ಇಳಿಸಿ. ವಿಮಾನ ನಿಧಾನವಿರುವಾಗ ರೆಕ್ಕೆ ಬಾಗಿದರೆ ಏಲೆರಾನ್ ಪೂರ್ತಿ ತಳ್ಳಬೇಡಿ, ರಡರ್‌ನಿಂದ ಎತ್ತಿ. ನೆಲ ಮುಟ್ಟಿದ ಮೇಲೂ ರಡರ್ ಬಿಡಬೇಡಿ. ಬಾಲಚಕ್ರದ ವಿಮಾನ ನಿಲ್ಲುವವರೆಗೂ ಸುತ್ತು ಹೊಡೆಯಲು ಕಾಯುತ್ತಿರುತ್ತದೆ.

ಇಳಿಸಿದ ಕೂಡಲೇ ಬ್ಯಾಟರಿ ಬಿಚ್ಚಿ ಅದರ ವೋಲ್ಟೇಜ್, ಟ್ರಿಮ್ ಎಷ್ಟು ಸರಿದಿದೆ ಎಂಬುದನ್ನು ಬರೆದುಕೊಳ್ಳಿ. ಏಲೆರಾನ್, ಎಲಿವೇಟರ್ ಟ್ರಿಮ್ ಬಹಳ ಸರಿದಿದ್ದರೆ ಪುಶ್‌ರಾಡ್ ಉದ್ದ ಹೊಂದಿಸಿ ಟ್ರಿಮ್ಮನ್ನು ನಡುವಿಗೆ ತನ್ನಿ. ಮೊದಲ ಹಾರಾಟದ ನಂತರ ಮೋಟಾರ್ ಬೋಲ್ಟು, ಚಕ್ರದ ಕಾಲರು, ಸರ್ವೊ ತೋಳಿನ ಸ್ಕ್ರೂ, ರೆಕ್ಕೆ ಸ್ಟ್ರಟ್ಟಿನ ಪಿನ್ನು ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡಿ. ಹೊಸ ವಿಮಾನದಲ್ಲಿ ಒಂದಾದರೂ ಸಡಿಲವಾಗಿರುತ್ತದೆ. ಅದನ್ನು ಬಿಗಿದು, ಇನ್ನೊಂದು ಪ್ಯಾಕ್ ಹಾಕಿ, ಅದೇ ಬೆಳಗ್ಗೆ ಎರಡನೇ ಸಲ ಹಾರಿಸಿ. ಬಳಸದೆ ಉಳಿದ ಪ್ಯಾಕುಗಳನ್ನು ಸಂಜೆಯೇ 3.8 ವೋಲ್ಟಿಗೆ ಇಳಿಸಿಡಿ.